ಆರತಿಗೆ ಚಾಚಿದ ಕೈ

ಜೆ.ಪಿ. ನಗರದ ನಮ್ಮ ಮನೆ ಮುಂದೆ ನಾಲ್ಕು ಚಾಪೆ ಹಾಸಿದಷ್ಟು ಹುಲ್ಲಿದೆ. ಅದನ್ನ ಕತ್ತರಿಸೋಕೆ ಅಪ್ಪ ತಂದಿಟ್ಟಿದ್ದ, ಪೆಟ್ರೋಲಲ್ಲಿ ಓಡೋ ಟೂ-ಸ್ಟ್ರೋಕ್ ಮಿಷನ್ ಹೋದ ವರ್ಷ ಕೆಟ್ಟುನಿಂತಿತು. ಬನಶಂಕರಿ ಕಡೆಯ ಮೆಕ್ಯಾನಿಕ್ ಒಬ್ಬ, ಗುಜರಿಗೆ ಹಾಕಿ ಕರೆಂಟಿಂದು ತಗೊಳ್ಳಿ ಸಾರ್ ಅಂದ. ನಂಗೆ ಮೈಯೆಲ್ಲ ಉರೀತು. ಇವನ್ಯಾರು ಹೇಳೋಕೆ, ನಾನೇ ರಿಪೇರಿ ಮಾಡ್ತೀನಿ ಅಂತ ವಾಪಸ್ ಹೊತ್ಕೊಂಡು ಬಂದೆ.

ಬಂದವನು ಒಂದು ತಿಂಗಳು ಅದನ್ನ ಮುಟ್ಟಲಿಲ್ಲ. ಆಯುಧಪೂಜೆ ದಿನ ಬೆಳಿಗ್ಗೆ ಅಮ್ಮ, ಕೆಟ್ಟ ಮಿಷನ್‌ಗೆ ನಾನು ಕುಂಕುಮ ಇಡಲ್ಲ ಅಂತ ಹಟ ಹಿಡಿದಳು. ಸರಿ, ಲುಂಗಿ ಎತ್ತಿಕಟ್ಟಿ ಹಿತ್ತಲಲ್ಲಿ ಕೂತೆ. ಹಿತ್ತಲು ಅಂದ್ರೆ ಮೂರು ಕಡೆ ಗೋಡೆ, ಒಂದು ಕಡೆ ಅಡುಗೆಮನೆ ಬಾಗಿಲು, ಅಷ್ಟೇ. ಸ್ಪಾರ್ಕ್ ಪ್ಲಗ್ ಬಿಚ್ಚಿ ಮಸಿ ಉಜ್ಜಿದೆ. ಕಾರ್ಬ್ಯುರೇಟರನ್ನ ಪೆಟ್ರೋಲಲ್ಲಿ ಅದ್ದಿ, ಅದರ ಸಣ್ಣ ತೂತಿಗೆ ತಂತಿ ತೂರಿಸಿ ಕಸ ತೆಗೆದೆ. ಎಲ್ಲ ಜೋಡಿಸಿ, ಆಯಿಲ್ ಬೆರೆಸಿದ ಪೆಟ್ರೋಲ್ ತುಂಬಿಸಿ, ಬ್ಲೇಡಿಗೆ ಅಂಟಿದ ಹುಲ್ಲು ಕೆರೆಯೋಣ ಅಂತ ಮಿಷನ್ ಮಗುಚಿದೆ. ಟ್ಯಾಂಕಿನ ಮುಚ್ಚಳ ಸುಮ್ನೆ ಮೇಲಿಟ್ಟಿದ್ದೆ, ತಿರುಗಿಸಿರಲಿಲ್ಲ. ಎಂಥಾ ಪೆದ್ದ ನಾನು! ಪೆಟ್ರೋಲೆಲ್ಲ ತೊಡೆ ಮೇಲೆ ಸುರೀತು. ಲುಂಗಿ, ಬನಿಯನ್ನು, ಎರಡೂ ಕೈ ತೊಯ್ದುಹೋದ್ವು.

ಎದ್ದು ನಿಲ್ಲೋ ಅಷ್ಟರಲ್ಲಿ ಅಮ್ಮ ಅಡುಗೆಮನೆಯಿಂದ ಬರ್ತಿದ್ಳು. ಕೈಯಲ್ಲಿ ಮಂಗಳಾರತಿ ತಟ್ಟೆ, ಕರ್ಪೂರ ಧಗಧಗ ಉರೀತಿದೆ. ಬರಬೇಡ ಅಂತ ಕಿರುಚಿದೆ. ಕೇಳಿಸಲಿಲ್ಲ. ತಲೆಗೆ ನೀರು ಹಾಕ್ಕೊಂಡವಳು ಕಿವಿ ಕೇಳೋ ಮಿಷನ್ ಮತ್ತೆ ಹಾಕ್ಕೊಂಡೇ ಇರಲಿಲ್ಲ. ನಗ್ತಾ ಹೊಸಿಲ ಹತ್ರ ನಿಂತು ತಟ್ಟೆ ಚಾಚಿದಳು.

"ತಗೋ ಕಣೋ, ಆರತಿ."

ನನ್ನ ಎರಡೂ ಕೈ ಮುಂದೆ ಹೋದ್ವು. ಬುದ್ಧಿ ಬಂದಾಗಿಂದ ಆರತಿ ಕಂಡ ತಕ್ಷಣ ಅಂಗೈ ಚಾಚಿ ಕಣ್ಣಿಗೊತ್ತಿಕೊಂಡವನು ನಾನು. ತಲೆ ಬೇಡ ಅಂದ್ರೂ ಕೈ ಕೇಳಲಿಲ್ಲ. ಬೆರಳ ತುದಿಯಿಂದ ಪೆಟ್ರೋಲ್ ತೊಟ್ಟಿಕ್ಕೋದು ಕಂಡಾಗ ಜೀವ ಬಾಯಿಗೆ ಬಂತು. ಕೈ ಹಿಂದಕ್ಕೆಳೆದು, ಬಾಗಿಲನ್ನ ಕಾಲಲ್ಲಿ ಒದ್ದು ಮುಚ್ಚಿದೆ.

ಬಾಗಿಲು ಬಡಿದು ಒಳಗೆ ತಟ್ಟೆ ಬಿದ್ದ ಸದ್ದಾಯ್ತು.

ಅಯ್ಯೋ, ಅಮ್ಮ ಉಟ್ಟಿದ್ದು ರೇಷ್ಮೆ ಸೀರೆ. ಅದಕ್ಕೆ ಕಿಡಿ ತಾಗಿದ್ರೆ? ಬಾಗಿಲು ತೆಗೆದು ಓಡೋಣ ಅಂದ್ರೆ ನಾನೇ ಬೆಂಕಿಗೆ ಸೌದೆ. ಕರೆದೆ, ಕರೆದೆ, ಆ ಕಡೆಯಿಂದ ಸದ್ದೇ ಇಲ್ಲ. ಅಷ್ಟು ಹೆದರಿದ್ದು ನಾನು ಜನ್ಮದಲ್ಲಿಲ್ಲ. ಲುಂಗಿ, ಬನಿಯನ್ನು ಕಿತ್ತೆಸೆದು, ಬಕೆಟ್ ನೀರು ಮೈಮೇಲೆ ಸುರ್ಕೊಂಡು, ಬರೀ ಚಡ್ಡೀಲಿ ಬಾಗಿಲು ತೆಗೆದೆ.

ಕರ್ಪೂರ ಆರಿ ನೆಲದ ಮೇಲೆ ಕರೀ ಮಚ್ಚೆಯಾಗಿತ್ತು. ಅಮ್ಮ ಗೋಡೆಗೆ ಒರಗಿ ನಿಂತಿದ್ಳು, ಸೀರೆಗೆ ಏನೂ ಆಗಿರಲಿಲ್ಲ. ಕಣ್ಣಲ್ಲಿ ನೀರು.

"ದೇವರ ತಟ್ಟೇನ ಒದ್ದುಬಿಟ್ಟೆಯಲ್ಲೋ. ಏನಾಗಿತ್ತು ನಿಂಗೆ?"

ಪೆಟ್ರೋಲ್ ವಾಸನೆ ಅವಳಿಗೆ ಮಿಷನ್ ವಾಸನೆ, ಅಷ್ಟೇ. ಹೇಳೋಕೆ ಬಾಯಿ ತೆರೆದೆ. ಅವಳ ಕೈಗಳನ್ನ ನೋಡಿದೆ. ತಾನು ಸ್ವಂತ ಮಗನಿಗೆ ಆ ಕೈಯಿಂದಲೇ ಬೆಂಕಿ ಹಚ್ಚೋದ್ರಲ್ಲಿದ್ದೆ ಅಂತ ಗೊತ್ತಾದ್ರೆ ಅವಳು ಇನ್ನೆಂದೂ ದೀಪ ಮುಟ್ಟಲ್ಲ.

"ಕೋಪ ಬಂತು, ಒದ್ದೆ," ಅಂತ ಅವಳ ಕಿವಿ ಹತ್ರ ಕೂಗಿ ಹೇಳಿದೆ.

ನಂಬಿದಳು. ನನ್ನ ಕೋಪ ಅವಳಿಗೆ ಗೊತ್ತಿರೋದೇ. ಈಗಲೂ ಮನೆಗೆ ಯಾರೇ ಬಂದ್ರೂ, ಹಬ್ಬದ ದಿನ ಆರತಿ ಒದ್ದ ಮಗ ಇವನು ಅಂತ ಹೇಳ್ತಾಳೆ. ನಾನು ಪಕ್ಕದಲ್ಲೇ ಕೂತು ಕಾಫಿ ಕುಡೀತಿರ್ತೀನಿ. ಹೇಳ್ಕೊಳ್ಳಲಿ.