ಪುಟ್ಟಿಯ ಜಾಗ

ಅವಳನ್ನು ಬಲ್ಲವರೆಲ್ಲ ಹಲ್ಲಕ್ಕ ಎಂದೇ ಕರೆಯುತ್ತಿದ್ದರು. ಹಾಗೆಂದು ಹಲ್ಲಿನ ಡಾಕ್ಟರೇನೂ ಅಲ್ಲ, ಡಾಕ್ಟರುಗಳು ಕಳಿಸುವ ಅಚ್ಚು ನೋಡಿ ಹಲ್ಲುಸೆಟ್ಟು ಮಾಡಿಕೊಡುವ ಲ್ಯಾಬಿನಲ್ಲಿ ಕೆಲಸಕ್ಕಿದ್ದವಳು. ಮೇಣದ ವಸಡಿನಲ್ಲಿ ಒಂದೊಂದೇ ಹಲ್ಲು ಕೂರಿಸಿ, ಮೇಲಿನ ಸಾಲೂ ಕೆಳಗಿನ ಸಾಲೂ ಸರಿಯಾಗಿ ಕೂಡುವಂತೆ ಮಾಡುವುದರಲ್ಲಿ ಎತ್ತಿದ ಕೈ. ಎದುರಿಗಿದ್ದವರು ನಕ್ಕರೆ ಸಾಕು, ಮುಖ ಬಿಟ್ಟು ಹಲ್ಲು ನೋಡುವಳು. "ಯಾರಾದ್ರೂ ತಪ್ಪು ತಿಳ್ಕೊಂಡು ಒಂದಿನ ಬಾರಿಸ್ತಾರೆ ನೋಡು" ಎಂದು ಗಂಡ ರೇಗಿಸುತ್ತಿದ್ದ.

ಮೊದಲ ಮಗು ಹುಟ್ಟಿದಾಗ ಒಂದು ವರ್ಷಕ್ಕೆಂದು ಬಿಟ್ಟ ಕೆಲಸ. ನಡೆಯುವಂತಾಗಲಿ ಎಂದಳು, ಮಾತು ಬರಲಿ ಎಂದಳು, ಅಷ್ಟರಲ್ಲಿ ಎರಡನೆಯದು ಬಂತು. ಒಂದು ವರ್ಷ ನೋಡನೋಡುತ್ತಲೇ ಒಂಬತ್ತಾಯಿತು. ಯಾರೂ ಅವಳನ್ನು ಕಟ್ಟಿಹಾಕಿರಲಿಲ್ಲ. ಬೈಯೋಣವೆಂದರೆ ಒಬ್ಬರೂ ಸಿಗುತ್ತಿರಲಿಲ್ಲವಲ್ಲ, ಅವಳ ಹೊಟ್ಟೆ ಉರಿಯುತ್ತಿದ್ದದ್ದು ಅದಕ್ಕೇ.

ಚಿಕ್ಕವನು ಇಡೀ ದಿನದ ಸ್ಕೂಲಿಗೆ ಹೋಗತೊಡಗಿದ ಮೇಲೆ ಮೂರು ಲ್ಯಾಬುಗಳ ಮೆಟ್ಟಿಲು ಹತ್ತಿ ಇಳಿದಳು. ಎಲ್ಲ ಕಡೆಯೂ ಒಂದೇ ಮಾತು: "ಕೆಲಸ ಜಾಸ್ತಿಯಿದ್ದಾಗ ಕರೀತೀವಿ, ಬಂದು ಹೋಗಿ." ಅವಳಿಗೆ ಬಂದು ಹೋಗುವ ಕೆಲಸ ಬೇಡವಾಗಿತ್ತು. ಒಂಬತ್ತಕ್ಕೆ ಹೋಗಿ ಆರಕ್ಕೆ ಬರುವ, ತನ್ನದೇ ಸ್ಟೂಲು, ಮೇಣ ಕರಗಿಸಲು ತನ್ನದೇ ಸ್ಪಿರಿಟ್ ದೀಪವಿರುವ ಕೆಲಸ ಬೇಕಿತ್ತು. ಕೊನೆಗೆ ನಾಚಿಕೆ ಬಿಟ್ಟು ಹಳೆಯ ಲ್ಯಾಬಿಗೇ ಹೋದಳು.

ಅಲ್ಲಿ ಅವಳ ಜಾಗದಲ್ಲಿ ಪುಟ್ಟಿ ಕೂತಿದ್ದಳು. ಪ್ಲಾಸ್ಟರ್ ಕಲಸುವುದರಿಂದ ಹಿಡಿದು ಎಲ್ಲವನ್ನೂ ಇವಳೇ ಕೈಹಿಡಿದು ಕಲಿಸಿದ ಹುಡುಗಿ. ಈಗ ಲ್ಯಾಬಿಗೇ ಹಿರಿಯಳು, ಬಾಗಿಲಿಗೆ ತಲೆ ತಾಗುವಷ್ಟು ಎತ್ತರ, ಆದರೂ ಹೆಸರು ಮಾತ್ರ ಪುಟ್ಟಿ. ಏಳು ತಿಂಗಳ ಬಸುರಿ ಬೇರೆ.

"ಸರ್, ನಾನು ವಾಪಸ್ ಬರೋವರೆಗೂ ಆರು ತಿಂಗಳು ಅಕ್ಕನ್ನೇ ಕೂರ್ಸಿ" ಎಂದು ಅವಳು ಮಾಲೀಕರ ಮುಂದೆ ಹಟ ಹಿಡಿದಳು.

ಮಾಲೀಕರು ಕೈ ನೋಡೋಣವೆಂದು ಒಂದು ಸೆಟ್ಟು ಕೊಟ್ಟರು. ಒಂಬತ್ತು ವರ್ಷದಲ್ಲಿ ಕೈ ಮರೆತಿತ್ತು. ಮೇಣ ಹೆಚ್ಚು ಕರಗಿತು, ಮುಂದಿನ ಎರಡು ಹಲ್ಲು ಜರುಗಿದವು, ಸಾಲುಗಳು ಏನು ಮಾಡಿದರೂ ಕೂಡಲಿಲ್ಲ. ಸಂಜೆವರೆಗೂ ಹೆಣಗಿ, ಕಣ್ಣಲ್ಲಿ ನೀರು ತುಂಬಿಕೊಂಡು, ಅದನ್ನು ಹಾಗೇ ಮೇಜಿನ ಮೇಲಿಟ್ಟು ಮನೆಗೆ ಹೋದಳು. ಮಾರನೆಯ ದಿನ ಮಾಲೀಕರು "ಕೈಯೇನೂ ಹೋಗಿಲ್ಲ ಕಣಮ್ಮ" ಎಂದರು. ನೋಡಿದರೆ ಸೆಟ್ಟು ಅಚ್ಚುಕಟ್ಟಾಗಿತ್ತು. ಅವಳು ಹೋದ ಮೇಲೆ ಪುಟ್ಟಿ ಕೂತು ಸರಿಮಾಡಿದ್ದಳು. ಆ ಬಗ್ಗೆ ಒಂದು ಮಾತೂ ಆಡಲಿಲ್ಲ.

ಹೀಗೆ ಕೆಲಸ ಸಿಕ್ಕಿತು. ತಿಂಗಳೊಳಗೆ ಕೈ ಹದಕ್ಕೆ ಬಂತು. ಮನೆಯಲ್ಲಿ ಮಗಳು ತಾನೇ ಜಡೆ ಹೆಣೆದುಕೊಳ್ಳಲು ಕಲಿತಳು, ಗಂಡ ಹಾಲು ಉಕ್ಕಿಸದೆ ಕಾಯಿಸುವ ವಿದ್ಯೆ ಕಲಿತ, ಆಕಾಶವೇನೂ ಕಳಚಿ ಬೀಳಲಿಲ್ಲ. ಹಲ್ಲಕ್ಕ ಎಷ್ಟೋ ವರ್ಷದ ಮೇಲೆ ಹಾಡು ಗುನುಗತೊಡಗಿದಳು. ಆದರೆ ಪುಟ್ಟಿ ಬಂದ ದಿನ ಇದೆಲ್ಲ ಮುಗಿಯುತ್ತದೆ. ಇಬ್ಬರನ್ನು ಇಟ್ಟುಕೊಳ್ಳುವಷ್ಟು ಕೆಲಸವಿಲ್ಲವೆಂದು ಮಾಲೀಕರು ಮೊದಲೇ ಹೇಳಿದ್ದರು.

ಗಡುವಿಗೆ ಒಂದು ವಾರವಿರುವಾಗ ಪುಟ್ಟಿ ಮಗುವನ್ನೆತ್ತಿಕೊಂಡು ಹಲ್ಲಕ್ಕನ ಮನೆಗೆ ಬಂದಳು. ಮಗುವಿಗೆ ನೆಗಡಿ.

"ಸೋಮವಾರ ಬಾ ಅಂತಿದಾರೆ ಅಕ್ಕ. ನಮ್ಮತ್ತೆ ಮಗು ನೋಡ್ಕೋತೀನಿ ಅಂತಾರೆ. ಇವನ ಮುಖ ನೋಡಿದ್ರೆ ನನಗೇ ಕಾಲು ಬರಲ್ಲ. ಇನ್ನೊಂದು ವರ್ಷ ಬಿಟ್ಟು ಹೋಗ್ಲಾ? ನೀವು ಇದನ್ನೆಲ್ಲ ಕಂಡವರು. ನೀವು ಹೇಗೆ ಹೇಳ್ತೀರೋ ಹಾಗೆ."

ಹೋಗು ಎನ್ನಬೇಕಿತ್ತು. ಆ ಒಂದು ವರ್ಷ ಎಷ್ಟು ಉದ್ದವಾಗುತ್ತದೆಂದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು? ಮಗು ಎರಡು ದಿನ ಅಳುತ್ತದೆ, ಆಮೇಲೆ ಸುಮ್ಮನಾಗುತ್ತದೆ, ನೀನು ಹೋಗು. ಇಷ್ಟೇ ಮಾತು, ನಾಲಗೆಯ ತುದಿಯವರೆಗೂ ಬಂದಿತ್ತು. ಹಲ್ಲಕ್ಕ ಮಗುವನ್ನು ಎತ್ತಿಕೊಂಡು, ಅದರ ಮೂಗು ಒರೆಸಿ, "ಕೆಲಸ ಎಲ್ಲಿಗೆ ಓಡಿಹೋಗುತ್ತೆ? ಮಗು ಇಷ್ಟು ಚಿಕ್ಕದಾಗಿ ಇನ್ನೊಂದ್ಸಲ ಸಿಗಲ್ಲ ಕಣೆ" ಎಂದಳು.

ಪುಟ್ಟಿಯ ಮುಖ ಅರಳಿತು. ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಸುಳ್ಳಾಗಿದ್ದರೆ ತಪ್ಪಾಯಿತೆಂದು ಕ್ಷಮೆಯಾದರೂ ಕೇಳಬಹುದಿತ್ತು.

ಇದಾಗಿ ಐದು ವರ್ಷ. ಈಗ ಹಲ್ಲಕ್ಕನೇ ಲ್ಯಾಬಿಗೆ ಹಿರಿಯಳು. ಪುಟ್ಟಿಗೆ ಇನ್ನೊಂದು ಮಗುವಾಗಿದೆ, ಕೆಲಸ ಕೇಳಿಕೊಂಡು ಅಲ್ಲಿ ಇಲ್ಲಿ ಅಲೆದು ಬಂದಿದ್ದಾಳಂತೆ. ಮಾಲೀಕರ ಹತ್ತಿರ ಅವಳ ಮಾತೆತ್ತಬೇಕೆಂದು ಹಲ್ಲಕ್ಕ ಎಷ್ಟೋ ಸಲ ಅವರ ಬಾಗಿಲವರೆಗೂ ಹೋಗಿ, ಬೇರೇನೋ ಕೇಳಿ ಬಂದಿದ್ದಾಳೆ.

ಮೊನ್ನೆ ಬೆಳಗ್ಗೆ ಬಸ್‌ಸ್ಟಾಪಿನಲ್ಲಿ ಪುಟ್ಟಿ ಸಿಕ್ಕಳು, ಸೊಂಟದ ಮೇಲೆ ಚಿಕ್ಕ ಮಗು. ಇವಳು ಮಗುವಿನ ಕೆನ್ನೆ ಸವರುತ್ತಿರುವಾಗ ಅವಳು ಹೇಳಿದಳು:

"ನನ್ನ ಜಾಗ ಬೇರೆ ಯಾರಿಗಾದ್ರೂ ಹೋಗಿದ್ರೆ ನನಗೆ ತಡ್ಕೊಳ್ಳೋಕಾಗ್ತಿರಲಿಲ್ಲ ಅಕ್ಕ. ನೀವು ಇದೀರಲ್ಲ, ಅದೇ ಸಮಾಧಾನ."

ಅಷ್ಟರಲ್ಲಿ ಬಸ್ಸು ಬಂತು. ಲ್ಯಾಬಿಗೆ ಹೊತ್ತಾಗಿತ್ತು. ಹಲ್ಲಕ್ಕ ಹತ್ತಿದಳು.