ಸೊಸೈಟಿಯಲ್ಲಿ ನನ್ನ ಥಂಬು

ಹೆಬ್ಬೆಟ್ಟು ಅಂತ ಒಂದು ಬೆರಳು ನಮ್ಮ ಕಡೆ ಇತ್ತು. ಈಗ ಸಾಗರದಿಂದ ತೀರ್ಥಹಳ್ಳಿವರೆಗೆ ಯಾವ ಕಚೇರಿಗೆ ಹೋದರೂ ಕೇಳುವುದು ಥಂಬನ್ನೇ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟ ನನಗೂ ಈ ಒಂದು ಇಂಗ್ಲಿಷ್ ಶಬ್ದ ಬಾಯಿಪಾಠ. ಕಾಲೇಜಿನಲ್ಲಿ ಇಂಗ್ಲಿಷ್ ಓದುವ ಮೊಮ್ಮಗಳನ್ನು ಇದರ ಹುಟ್ಟೂರು ಕೇಳಿದೆ. ಊದಿಕೊಂಡದ್ದು, ದಪ್ಪಗಿರುವುದು ಅನ್ನುವ ಯಾವುದೋ ಪುರಾತನ ಶಬ್ದದಿಂದ ಬಂದದ್ದಂತೆ. ನಮ್ಮ ಹೆಬ್ಬೆಟ್ಟೂ ಹಿರಿದಾದ ಬೆಟ್ಟು, ದೊಡ್ಡ ಬೆರಳೇ. ಅಂತೂ ಯಾವ ದೇಶದಲ್ಲಾದರೂ ಇವನ ಗಾತ್ರ ಕಂಡು ಹೆಸರಿಟ್ಟರೇ ಹೊರತು ಗುಣ ಯಾರೂ ವಿಚಾರಿಸಲಿಲ್ಲ. ಆ ಶಬ್ದದ ಬಾಲದಲ್ಲಿ ‘ಬಿ’ ಅಂತ ಒಂದು ಅಕ್ಷರ ಆಮೇಲೆ ಬಂದು ಸೇರಿಕೊಂಡು, ಬಾಯಿ ಬಿಡದೆ ಕೂತಿದೆಯಂತೆ. ಅಂಥ ನೆಂಟರು ನಮ್ಮಲ್ಲೂ ಇದ್ದಾರೆ. ಆದರೆ ಸಾಗರದವರು ನಾವು ಅದನ್ನೂ ಮಾತಾಡಿಸಿಬಿಟ್ಟಿದ್ದೇವೆ.

ಹೋದ ಬೇಸಗೆಯಲ್ಲಿ, ರೇಷನ್ ಕಾರ್ಡಿನವರೆಲ್ಲ ಸೊಸೈಟಿಗೆ ಬಂದು ಥಂಬು ಕೊಡಬೇಕು, ಇಲ್ಲದಿದ್ದರೆ ಹೆಸರು ಹಾರುತ್ತದೆ ಅಂತ ಆರ್ಡರಾಯಿತು. ಕೊನೇ ದಿನದ ಹಿಂದಿನ ದಿನವೇ ನಮ್ಮನೆಯಲ್ಲಿ ಹಲಸಿನ ಹಪ್ಪಳ. ಒಬ್ಬರ ಮನೆ ಹಪ್ಪಳಕ್ಕೆ ಕೇರಿಯ ಹೆಂಗಸರೆಲ್ಲ ಕೈಜೋಡಿಸುವುದು ವಾಡಿಕೆ. ಹಪ್ಪಳ ಕಮಟು ಹಿಡಿಯುತ್ತದೆಂದು ಕೈಗೆ ಎಣ್ಣೆ ಹಚ್ಚಲು ನಾನು ಬಿಡುವುದಿಲ್ಲ. ಬೆರಳಿಗೆ ಅಂಟಿದ ಹಲಸಿನ ಮೇಣ ನಾಲ್ಕು ದಿನದಲ್ಲಿ ತಾನೇ ಹೋಗುತ್ತದೆ, ಅದಕ್ಕೇನು ಅವಸರ?

ಮರುದಿನ ಸೊಸೈಟಿಯಲ್ಲಿ ಪಕ್ಕದ ಮನೆ ಪದ್ಮ ಥಂಬು ಒತ್ತಿದಳು, ಮಿಷಿನ್ನು ಕೆಂಪಾಯಿತು. ಅವಳ ಹಿಂದಿನವಳದ್ದೂ ಕೆಂಪು, ಅವಳ ಹಿಂದಿನವಳದ್ದೂ ಕೆಂಪು.

"ಎಂತದು ಮಾರಾಯ್ತಿ, ನಿಮ್ಮ ಕೇರಿಗೆ ಬೆರಳಚ್ಚೇ ಇಲ್ವಾ?" ಅಂದ ಸೊಸೈಟಿ ಮಂಜಪ್ಪ.

"ಇತ್ತು. ಈ ಅಜ್ಜಿ ಮನೆ ಹಪ್ಪಳಕ್ಕೆ ಹೋಗಿ ಕಳ್ಕೊಂಡ್ವಿ," ಅಂದು ಪದ್ಮ ನನ್ನ ಕಡೆ ತಿರುಗಿದಳು. "ಹೆಸರು ಹಾರಿದ್ರೆ ಅಕ್ಕಿ ನೀವೇ ಕೊಡ್ಬೇಕು, ನೋಡಿ!"

"ಹಪ್ಪಳ ಕೊಡ್ತೀನಿ, ತಗೋ," ಅಂದೆ. ಯಾರೂ ನಗಲಿಲ್ಲ.

ಹಿಂದೆ ಇದೇ ಸೊಸೈಟಿಯಲ್ಲಿ ಸೀಮೆಎಣ್ಣೆ ಸಿಗುತ್ತಿತ್ತು, ಮೇಣ ಒಂದೇ ಉಜ್ಜಿಗೆ ಬಿಡುತ್ತಿತ್ತು. ಅದನ್ನು ನಿಲ್ಲಿಸಿ ಈಗ ಥಂಬು ಕೇಳುತ್ತಾರೆ. ಎದುರಿನ ಅಂಗಡಿಯಿಂದ ಕೊಬ್ಬರಿ ಎಣ್ಣೆ, ಸೋಪು ತಂದು ಮೆಟ್ಟಿಲ ಮೇಲೆ ಕೂತು ಸಾಮೂಹಿಕವಾಗಿ ತಿಕ್ಕಿದೆವು. ಒಬ್ಬೊಬ್ಬರದೇ ಹಸಿರಾಯಿತು.

ನನ್ನದು ಮಾತ್ರ ಕೆಂಪು. ಮೇಣ ಹೋಗಿತ್ತು, ಅದರ ಕೆಳಗೆ ಗೆರೆಯೇ ಇರಲಿಲ್ಲ. ಪಾತ್ರೆ ತಿಕ್ಕಿ, ಸಗಣಿ ಬಳಿದು, ರೊಟ್ಟಿ ತಟ್ಟಿ ಎರಡೂ ಹೆಬ್ಬೆಟ್ಟು ನದಿಯ ಕಲ್ಲಿನಂತೆ ನುಣ್ಣಗಾಗಿದ್ದವು. ಅಕ್ಕಿ ಹೋದರೆ ಮಗ ತರುತ್ತಾನೆ; ಆದರೆ ಉಸಿರಿರುವಾಗಲೇ ಹೆಸರು ಹಾರುವುದೆಂದರೆ ನನಗೆ ಸೇರಲಿಲ್ಲ.

"ಬೇರೆ ಬೆರಳು ಒತ್ತಿ ಅಜ್ಜಿ, ಯಾವ್ದಾದ್ರೂ ನಡೀತದೆ," ಅಂದ ಮಂಜಪ್ಪ.

ಒಂದೊಂದೇ ಒತ್ತುತ್ತಾ ಕಿರುಬೆರಳಿಗೆ ಬಂದೆ. ಹುಟ್ಟಿದ ಲಾಗಾಯ್ತು ಅದಕ್ಕೆ ಒಂದು ಕೆಲಸ ಹೇಳಿದವಳಲ್ಲ; ಕಾಫಿ ಲೋಟ ಎತ್ತುವಾಗಲೂ ದೂರ ನಿಂತು ನೋಡುವುದೇ ಅದರ ಉದ್ಯೋಗ. ಮಿಷಿನ್ನು ಹಸಿರಾಯಿತು.

"ನೋಡ್ದ್ಯೇನೇ ಪದ್ಮ, ದುಡಿದವನ ಗುರುತು ಸಿಗ್ಲಿಲ್ಲ, ಕೂತು ಉಂಡವನ ಗುರುತು ಸಿಕ್ತು."

"ಸರ್ಕಾರದ ಮಿಷಿನ್ನಲ್ವಾ," ಅಂದಳು. ಈಗ ನಕ್ಕಳು.

"ಈ ಕಿರುಬೆರಳಿಗೆ ಇಂಗ್ಲಿಷಲ್ಲಿ ಎಂತ ಅಂತಾರೋ ಮಂಜಪ್ಪ?"

"ಇಲ್ಲಿ ಯಾವ ಬೆರಳು ಒತ್ತಿದ್ರೂ ಅದು ಥಂಬೇ ಅಜ್ಜಿ. ಹಿಂದಿನವರಿಗೆ ಜಾಗ ಬಿಡಿ."