ಬದನೆಕಾಯಿ ಬಣ್ಣದ ತಲೆ

ತೊಂಬತ್ತರ ದಶಕದ ಮಾತು. ರಾಮದುರ್ಗದ ಗೌಡರೊಬ್ಬರು ಒಂದು ಜೋಡಿ ಎತ್ತಿಗೆ ಹದಿನೆಂಟು ಸಾವಿರ ಹೇಳಿದ್ದರು. ಮರುದಿನ ಹೋಗಿ ದರ ಮುಗಿಸಬೇಕಿತ್ತು. ನರೆತ ತಲೆ ಕಂಡರೆ ಮುದುಕ, ಹೆಚ್ಚು ಚೌಕಾಸಿ ಮಾಡಲಾರ ಎಂದು ದರ ಬಿಗಿ ಮಾಡುತ್ತಾರೆಂದು ಬೈಲಹೊಂಗಲದ ಮನೆಯಲ್ಲೇ ಅಗ್ಗದ ಕಪ್ಪು ಪುಡಿ ಹಚ್ಚಿಕೊಂಡೆ. ತೊಳೆದಾಗ ಕೂದಲು ಬದನೆಕಾಯಿ ಬಣ್ಣಕ್ಕೆ ತಿರುಗಿತ್ತು.

ಮೇಲೊಂದು ಕಪ್ಪು ಬಳಿದರಾಯಿತೆಂದು ಪೇಟೆಯ ಮೆಹಂದಿ ಅಂಗಡಿಗೆ ಹೋದೆ. ಅಲ್ಲಿನ ಮುದುಕ ಪೊಟ್ಟಣ ಕೊಡಲೇ ಇಲ್ಲ.

"ಏನ್ ವ್ಯಾಪಾರ ಮಾಡ್ತೀರಿ, ಸಾವಕಾರ್ರ?"

"ಎತ್ತಿಂದು, ಚಾಚಾ."

"ಹಲ್ಲ ನೋಡದ ಎತ್ತ ತಗೋತೀರೇನ್ರಿ?"

"ಇಲ್ಲ."

"ಮತ್ತ ತಲಿಗೆ ಯಾಕ ನೋಡದ ಬಳಕೊಂಡ್ರಿ? ಇವತ್ತ ಮತ್ತ ಹಚ್ಚಿದ್ರ ನೆತ್ತಿ ಸುಡತೈತಿ. ಎರಡ ವಾರ ತಡೀರಿ. ಆಮ್ಯಾಲ ಕಿವಿ ಹಿಂದ ಚೂರ ಹಚ್ಚಿ ಎರಡ ದಿನ ಬಿಡ್ರಿ. ಉರಿ, ತುರಿಕಿ ಇಲ್ಲಂದ್ರ ನಾಕ ಕೂದಲಿಗೆ ಹಚ್ಚಿ ಬಣ್ಣ ನೋಡ್ರಿ. ಪೂರ್ತಿ ತಲಿ ಕಡೀಕ."

ಗಿರಾಕಿಯನ್ನು ಬರಿಗೈಲಿ ಕಳಿಸುವ ಅಂಗಡಿಕಾರನನ್ನು ಅವತ್ತೇ ಕಂಡಿದ್ದು. ಮರುದಿನ ತಲೆಗೆ ರುಮಾಲು ಸುತ್ತಿಕೊಂಡು ರಾಮದುರ್ಗಕ್ಕೆ ಹೋದೆ. ಮೊದಲು ಬಾಯಲ್ಲಿ ಎಷ್ಟೇ ಹೇಳಿದರೂ, ಎತ್ತಿನ ಕೊನೆಯ ದರವನ್ನು ನಾವು ಬಾಯಲ್ಲಿ ಹೇಳುವುದಿಲ್ಲ. ಬಟ್ಟೆಯ ಮರೆಯಲ್ಲಿ ಬೆರಳು ಹಿಡಿದು ತಿಳಿಸುತ್ತೇವೆ. ಗೌಡರ ಹೆಗಲ ಮೇಲೆ ಅವತ್ತು ವಸ್ತ್ರವಿರಲಿಲ್ಲ.

"ನಿಮ್ಮ ರುಮಾಲ ಬಿಚ್ರಿ," ಎಂದರು.

ಬೇರೆ ದಾರಿಯಿರಲಿಲ್ಲ, ಬಿಚ್ಚಿದೆ. ಗೌಡರು ನಕ್ಕ ನಗೆಗೆ ಬಟ್ಟೆಯೊಳಗೆ ಹಿಡಿದ ಕೈ ಕೂಡ ಕುಲುಕಿತು.

"ಇಂಥಾ ತಲಿ ತೋರಿಸಿದವ್ರು ನನ್ನ ಮುಂದ ಇನ್ನೇನ್ ಮುಚ್ಚಿಡ್ತೀರಿ, ಬಿಡ್ರಿ," ಎಂದು ನನ್ನ ಬೆರಳಿನ ದರಕ್ಕೇ ಒಪ್ಪಿದರು.

ಸಾವಿರ ರೂಪಾಯಿ ಕಡಿಮೆಗೆ ಎತ್ತು ಸಿಕ್ಕವು. ಮೂರನೆಯ ವಾರ, ಚಾಚಾ ಹೇಳಿದಂತೆಯೇ ಮಾಡಿ, ಉರಿಯಿಲ್ಲದ ಕಪ್ಪು ಕೂದಲೂ ಸಿಕ್ಕಿತು. ಆದರೆ ರಾಮದುರ್ಗದವರು ಇಂದಿಗೂ ನನ್ನನ್ನು ಬದನಿಕಾಯಿ ಸಾವಕಾರ ಎಂದೇ ಕರೆಯುತ್ತಾರೆ. ಅದನ್ನೂ ಲಾಭದ ಲೆಕ್ಕಕ್ಕೇ ಹಾಕಿಕೊಂಡಿದ್ದೇನೆ.